ಹಿಮ್ಮೇಳದಲ್ಲಿ ನಿಂತ ಯಜಮಾನ

ಮುಂಬಯಿ, ಪುಣೆ, ಬೆಂಗಳೂರುಗಳ ಬೀದಿಯಂಗಡಿಗಳಲ್ಲಿ ತೂಗುವ ಕರಿಯ ಅಂಗಿಗಳ ಎದೆಯ ಮೇಲೆ ಒಂದು ಗುರುತನ್ನು ನಮ್ಮ ಓದುಗರು ಕಂಡಿರಬಹುದು. ಇಂಗ್ಲಿಷಿನ ನಾಲ್ಕು ಅಕ್ಷರಗಳು. ಎರಡೆರಡರ ನಡುವೆ ಸೀಳಿಕೊಂಡು ಇಳಿಯುವ ಒಂದು ಸಿಡಿಲು. ಅದನ್ನು ಏಸಿ-ಡೀಸಿ ಎಂದು ಓದಬೇಕು. ಹಳೆಯ ರೇಡಿಯೋ ಪೆಟ್ಟಿಗೆಗಳ ಬೆನ್ನಿನ ಮೇಲೆ ಇವೇ ಅಕ್ಷರಗಳಿರುತ್ತಿದ್ದವು. ಎರಡು ಬಗೆಯ ವಿದ್ಯುತ್ತಿನಲ್ಲಿ ಯಾವುದನ್ನು ಕೊಟ್ಟರೂ ಯಂತ್ರ ನಡೆಯುವುದೆಂದು ಅದರ ಅರ್ಥ. ಆ ಅಂಗಿಯನ್ನು ತೊಟ್ಟು ತಿರುಗುವ ತರುಣನನ್ನು ಕೇಳಿದರೆ ಅದೊಂದು ಸಂಗೀತ ಮೇಳದ ಹೆಸರೆಂದು ಹೇಳಿಯಾನು. ಆ ಮೇಳದವರು ಯಾರು, ಎಲ್ಲಿಂದ ಬಂದರು, ಹೇಗೆ ದುಡಿದರು ಎಂದು ಮತ್ತೆ ಕೇಳಿದರೆ ತಲೆ ಕೆರೆದುಕೊಂಡಾನು.

1973ರ ಕೊನೆಯಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಹುಟ್ಟಿದ ಈ ಮೇಳ 2025ರಲ್ಲಿಯೂ ಮೂರು ಖಂಡಗಳಲ್ಲಿ ಸಂಚಾರ ನಡೆಸಿತು. ಐವತ್ತು ವರ್ಷ ದಾಟಿದ ಮೇಳಗಳು ನಮಗೆ ಹೊಸತಲ್ಲ. ಧರ್ಮಸ್ಥಳ, ಕಟೀಲುಗಳ ಯಕ್ಷಗಾನ ಮೇಳಗಳು ಇದಕ್ಕಿಂತ ಎಷ್ಟೋ ಹಿರಿಯವು. ಆದರೆ ಅವುಗಳಿಗೆ ಕ್ಷೇತ್ರದ ಆಸರೆಯುಂಟು, ಹರಕೆಯ ಆಟಗಳುಂಟು. ಬರಿಯ ಟಿಕೆಟಿನ ಹಣವನ್ನೂ ಧ್ವನಿಮುದ್ರಿಕೆಗಳ ಮಾರಾಟವನ್ನೂ ನಂಬಿಕೊಂಡ ರಾಕ್ ಮೇಳವೊಂದು, ಅದರಲ್ಲಿಯೂ ಅತ್ಯಂತ ಗಡುಸಾದ, ಸಿಡಿಲಿನಂತೆ ಎರಗುವ ರಾಕ್ ನುಡಿಸುವ ಮೇಳವೊಂದು, ಅರ್ಧ ಶತಮಾನ ಬಾಳುವುದು ಸಾಧಾರಣ ಸಂಗತಿಯಲ್ಲ. ಆ ಸಂಗೀತ ಎಲ್ಲರ ಕಿವಿಗೂ ಹಿಡಿಸಲಾರದು. ಹಿಡಿಸಬೇಕೆಂದು ವಾದಿಸುವುದು ಈ ಲೇಖನದ ಉದ್ದೇಶವೂ ಅಲ್ಲ. ಅದನ್ನು ಕಟ್ಟಿದವರು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಹೋದವರ ಮಕ್ಕಳು, ಕಾರ್ಖಾನೆಯಲ್ಲಿ ಎಣ್ಣೆ ಮೆತ್ತಿದ ಕೈಗಳು. ಜೊತೆಯವನೊಬ್ಬ ಪಾಳಿಗೆ ಬಾರದೆ ಹೋದಾಗ ಅವನ ಸ್ಥಾನದಲ್ಲಿ ಯಾರನ್ನು ನಿಲ್ಲಿಸಬೇಕು, ನಿಲ್ಲಿಸಿದರೂ ಆ ಸ್ಥಾನ ತುಂಬುವುದೇ ಎಂಬ ಪ್ರಶ್ನೆ ಅವರಿಗೆ ಮತ್ತೆ ಮತ್ತೆ ಎದುರಾಯಿತು. ಹೋಟೆಲಿನ ಒಲೆಯ ಮುಂದೆಯೋ ಕಚೇರಿಯ ಮೇಜಿನ ಹಿಂದೆಯೋ ದುಡಿಯುವ ನಮ್ಮವರಿಗೆ ಆ ಪ್ರಶ್ನೆಯ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ.

ಹತ್ತು ಪೌಂಡಿನ ಪಯಣ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಕ್ರ್ಯಾನ್‌ಹಿಲ್ ಎಂಬುದು ಕೂಲಿಕಾರರ ಬಡಾವಣೆ. ಯಂಗ್ ಎಂಬ ಮನೆತನದ ವಿಲಿಯಂ ಮತ್ತು ಮಾರ್ಗರೆಟ್ ದಂಪತಿಗಳು ಎಂಟು ಮಕ್ಕಳೊಡನೆ ಅಲ್ಲಿ ಬಾಳುತ್ತಿದ್ದರು. 1962-63ರ ಚಳಿಗಾಲ ಬ್ರಿಟನ್ನಿನಲ್ಲಿ ಬಹಳ ಕಠಿನವಾಗಿತ್ತು. ಹಿಮ ತಿಂಗಳುಗಟ್ಟಲೆ ಕರಗಲಿಲ್ಲ. ಆ ಕಾಲದಲ್ಲಿ ಆಸ್ಟ್ರೇಲಿಯದ ಸರಕಾರ ಜನರನ್ನು ಕರೆಯುತ್ತಿತ್ತು. ವಯಸ್ಕನೊಬ್ಬ ಹತ್ತು ಪೌಂಡು ಕೊಟ್ಟರೆ ಸಾಕು, ಉಳಿದ ಪ್ರಯಾಣವೆಚ್ಚ ಸರಕಾರದ್ದು. ಬಿಸಿಲಿದೆ, ಕೆಲಸವಿದೆ ಎಂಬುದು ಆ ಕರೆಯ ಸಾರ. ಯಂಗ್ ಕುಟುಂಬ 1963ರಲ್ಲಿ ಗಂಟುಮೂಟೆ ಕಟ್ಟಿತು. ಅಲೆಕ್ಸ್ ಎಂಬ ಮಗನೊಬ್ಬ ಮಾತ್ರ ಬ್ರಿಟನ್ನಿನಲ್ಲಿಯೇ ಉಳಿದುಕೊಂಡ. ಮಕ್ಕಳಲ್ಲಿ ಕಡೆಯವರಿಬ್ಬರಾದ ಮಾಲ್ಕಮ್‌ಗೆ ಆಗ ಹತ್ತು ವರ್ಷ, ಆಂಗಸ್‌ಗೆ ಎಂಟು.

ಸಿಡ್ನಿಯಲ್ಲಿ ಅವರಿಗೆ ಮೊದಲು ದೊರೆತ ವಸತಿ ವಿಲವುಡ್ ಎಂಬಲ್ಲಿನ ವಲಸೆಗಾರರ ಬಿಡಾರ. ಕಮಾನಿನಂತೆ ಬಾಗಿಸಿದ ತಗಡಿನ ಗುಡಿಸಲುಗಳು, ಹಲವು ದೇಶಗಳಿಂದ ಬಂದ ಜನ, ಹಲವು ಭಾಷೆ. ಬಿಸಿಲೇನೋ ಇತ್ತು, ತಗಡಿನ ಕೆಳಗೆ ಬೇಕಾದಷ್ಟು ಇತ್ತು! ಆ ಬಿಡಾರದಲ್ಲಿಯೇ ಮಾಲ್ಕಮ್‌ನ ಅಣ್ಣ ಜಾರ್ಜ್ ಯಂಗ್‌ಗೆ ಹಾಲೆಂಡಿನಿಂದ ಬಂದ ಹ್ಯಾರಿ ವ್ಯಾಂಡ ಎಂಬ ತರುಣನ ಗೆಳೆತನವಾಯಿತು. ಇನ್ನೂ ಕೆಲವು ವಲಸೆ ಹುಡುಗರನ್ನು ಸೇರಿಸಿಕೊಂಡು ಅವರು 1964ರಲ್ಲಿ ಈಸಿಬೀಟ್ಸ್ ಎಂಬ ಮೇಳವನ್ನು ಕಟ್ಟಿದರು. 1966ರಲ್ಲಿ ಬಂದ ಅವರ ‘ಫ್ರೈಡೇ ಆನ್ ಮೈ ಮೈಂಡ್’ ಎಂಬ ಹಾಡು ದೇಶವಿದೇಶಗಳಲ್ಲಿ ಮೊಳಗಿತು. ವಾರವೆಲ್ಲ ದುಡಿಯುವವನೊಬ್ಬ ಶುಕ್ರವಾರದ ಸಂಜೆಯನ್ನು ಎದುರು ನೋಡುವುದು ಅದರ ವಸ್ತು. ನಮ್ಮ ಹೋಟೆಲಿನವರಿಗೆ ಶುಕ್ರವಾರವೂ ಸೋಮವಾರವೂ ಒಂದೇ. ಆದರೆ ಗುಮಾಸ್ತ ಬಂಧುಗಳಿಗೆ ಆ ಹಾಡಿನ ಮರ್ಮ ಬೇಗನೆ ತಿಳಿದೀತು.

ಹಾಡು ಗೆದ್ದಿತು, ಹಾಡಿದವರ ಜೇಬು ತುಂಬಲಿಲ್ಲ. ಮೇಳ ಒಡೆದಾಗ ಉಳಿದದ್ದು ಸಾಲ. ಜಾರ್ಜ್ ಮತ್ತು ವ್ಯಾಂಡ ಕೆಲವು ವರ್ಷ ಲಂಡನ್ನಿನಲ್ಲಿ ದುಡಿದು, 1973ರಲ್ಲಿ ಸಿಡ್ನಿಗೆ ಮರಳಿ, ಧ್ವನಿಮುದ್ರಣಶಾಲೆಯಲ್ಲಿ ನೆಲೆನಿಂತರು. ಜಾರ್ಜ್ ಪಡೆದ ಪೆಟ್ಟುಗಳು ತಮ್ಮಂದಿರಿಗೆ ಪಾಠವಾದವು. ಇಂದು ಒಂದು ಶೈಲಿ, ನಾಳೆ ಇನ್ನೊಂದು ಎಂದು ಓಡಬೇಡಿ. ನಿಮ್ಮದೊಂದನ್ನು ಹಿಡಿದು ಅದರಲ್ಲಿಯೇ ನಿಲ್ಲಿರಿ ಎಂಬುದು ಆ ಪಾಠದ ತಿರುಳು. ತಮ್ಮಂದಿರು ಅದನ್ನು ಜೀವನಪರ್ಯಂತ ಬಿಡಲಿಲ್ಲ.

ಮಾಲ್ಕಮ್ ಹದಿನೈದಕ್ಕೆಲ್ಲ ಶಾಲೆ ಬಿಟ್ಟು, ಹೆಂಗಸರ ಒಳಉಡುಪು ತಯಾರಿಸುವ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಆಂಗಸ್ ಒಂದು ಮುದ್ರಣಾಲಯದಲ್ಲಿದ್ದ. ಮೇಳಕ್ಕೆ ಹೆಸರು ಸಿಕ್ಕಿದ್ದೂ ಹೊಲಿಗೆ ಯಂತ್ರದಿಂದಲೇ: ಅಕ್ಕ ಮಾರ್ಗರೆಟ್ ತನ್ನ ಯಂತ್ರದ ಮೇಲಿದ್ದ ಏಸಿ-ಡೀಸಿ ಎಂಬ ಅಕ್ಷರಗಳನ್ನು ತೋರಿಸಿ, ಇದನ್ನೇ ಇಟ್ಟುಕೊಳ್ಳಿರೆಂದಳು. ಆಂಗಸ್ ಶಾಲೆ ಬಿಟ್ಟ ಮೇಲೂ ಶಾಲೆಯ ಸಮವಸ್ತ್ರದಲ್ಲಿಯೇ, ಎಂದರೆ ಚಡ್ಡಿ, ಕೋಟು, ಟೈ, ಟೋಪಿಗಳಲ್ಲಿ, ರಂಗಕ್ಕೆ ಬರಬೇಕೆಂಬುದೂ ಅವಳದೇ ಸೂಚನೆ. ಹೆಸರೂ ವೇಷವೂ ಅಕ್ಕನ ಕೊಡುಗೆ. ಆ ಚಡ್ಡಿಯನ್ನು ಆಂಗಸ್ ಎಪ್ಪತ್ತರ ವಯಸ್ಸಿನಲ್ಲಿಯೂ ತೊಟ್ಟಿದ್ದಾನೆ.

1973ರ ಡಿಸೆಂಬರ್ 31ರ ರಾತ್ರಿ ಸಿಡ್ನಿಯ ಚೆಕರ್ಸ್ ಎಂಬ ಕ್ಲಬ್ಬಿನಲ್ಲಿ ಅವರ ಮೊದಲ ಪ್ರದರ್ಶನವಾಯಿತು.

ಭಾಗವತನೂ ವೇಷವೂ

ಇಲ್ಲಿ ಒಂದು ಮಾತನ್ನು ವಿವರವಾಗಿ ಹೇಳಬೇಕು. ಈ ಮೇಳದ ಚಿತ್ರವನ್ನು ನೋಡಿದವರ ಕಣ್ಣಿಗೆ ಬೀಳುವವನು ಆಂಗಸ್. ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ, ನೆಲದ ಮೇಲೆ ಬಿದ್ದು ಬುಗುರಿಯಂತೆ ಸುತ್ತುತ್ತ, ಬೆವರು ಸುರಿಸುತ್ತ ಗಿಟಾರು ನುಡಿಸುವ ಅವನು ಅಪ್ಪಟ ಪುಂಡುವೇಷ. ಇಷ್ಟು ಕುಣಿಯುವವನು ಮದ್ಯದ ಅಮಲಿನಲ್ಲಿರಬೇಕೆಂದು ಊಹಿಸಿದರೆ ತಪ್ಪು. ಆಂಗಸ್ ಮದ್ಯ ಮುಟ್ಟದವನು. ಅವನಿಗೆ ಬೇಕಾದದ್ದು ಚಹ. ಈ ಒಂದು ವಿಷಯದಲ್ಲಾದರೂ ಅವನು ನಮ್ಮ ಓದುಗರ ಗಿರಾಕಿಯಾಗಲು ತಕ್ಕವನು.

ಅವನ ಹಿಂದೆ, ಮದ್ದಳೆಗಾರನ ಸ್ಥಾನದಲ್ಲಿ ಕುಳಿತ ಡ್ರಮ್ಮಿನವನ ಮಗ್ಗುಲಲ್ಲಿ, ಗಿಡ್ಡನೆಯ ಇನ್ನೊಬ್ಬ ನಿಂತಿರುತ್ತಿದ್ದ. ಬರಿಯ ಬನಿಯನ್ನು, ಜೀನ್ಸ್ ಷರಾಯಿ. ಹಾಡಿನ ಪಲ್ಲವಿ ಬಂದಾಗ ನಾಲ್ಕು ಹೆಜ್ಜೆ ಮುಂದೆ ಬಂದು ಧ್ವನಿಗೂಡಿಸುವನು. ಪಲ್ಲವಿ ಮುಗಿದೊಡನೆ ನಾಲ್ಕು ಹೆಜ್ಜೆ ಹಿಂದೆ ಸರಿದು ಮತ್ತೆ ತನ್ನ ಸ್ಥಳ. ಅವನೇ ಮಾಲ್ಕಮ್. ಯಕ್ಷಗಾನದಲ್ಲಿ ಭಾಗವತನೇ ಮೊದಲನೆಯ ವೇಷ ಎಂಬ ಮಾತುಂಟು: ಬಣ್ಣ ಬಳಿದುಕೊಳ್ಳದೆ, ಕುಣಿಯದೆ, ಹಿಂದೆ ಕುಳಿತು ಇಡೀ ಆಟವನ್ನು ಆಡಿಸುವವನು ಅವನು. ಮಾಲ್ಕಮ್ ಹಾಡುಗಾರನಲ್ಲದಿದ್ದರೂ ಆ ಮೇಳಕ್ಕೆ ಅಂಥ ಭಾಗವತನಾಗಿದ್ದ. ಯಾವ ಹಾಡು, ಯಾವ ವೇಗ, ಯಾರು ಒಳಗೆ, ಯಾರು ಹೊರಗೆ ಎಂಬುದೆಲ್ಲ ಅವನ ನಿರ್ಣಯ.

ಅವನ ಗಿಟಾರಿನಲ್ಲಿ ತಂತಿಗಳು ದಪ್ಪ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತದ ಪಟ್ಟಿಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ಕಿತ್ತೆಸೆದಿದ್ದ. ಯಂತ್ರ ರಿಪೇರಿ ಮಾಡಿದ ಕೈ ತಾನೆ! ಅವನು ತನಿ ನುಡಿಸಿದ್ದು ಅಪರೂಪ. ನುಡಿಯನ್ನು ಎಷ್ಟು ಬಲವಾಗಿ ಎತ್ತಿಕೊಳ್ಳಬೇಕೆಂಬುದರಷ್ಟೇ ಎಲ್ಲಿ ಥಟ್ಟನೆ ನಿಲ್ಲಿಸಬೇಕೆಂಬುದನ್ನೂ ಆತ ಬಲ್ಲ. ಏಸಿ-ಡೀಸಿಯ ಹಾಡುಗಳನ್ನು ಕಿವಿಗೊಟ್ಟು ಕೇಳಿದವರಿಗೆ ಒಂದು ವಿಚಿತ್ರ ಗೋಚರಿಸುತ್ತದೆ. ಇಷ್ಟು ಗದ್ದಲದ ಸಂಗೀತದ ನಡುವೆ ಮೌನದ ತುಣುಕುಗಳಿವೆ. ಪೆಟ್ಟು, ಬಿಡುವು; ಪೆಟ್ಟು, ಬಿಡುವು. ಆ ಬಿಡುವು ಮಾಲ್ಕಮ್‌ನ ಕೊಡುಗೆ. ಉಳಿದ ಮೇಳಗಳು ಆ ಬಿಡುವನ್ನು ಇನ್ನಷ್ಟು ಸ್ವರಗಳಿಂದ ತುಂಬಿ ಕೆಡಿಸುತ್ತವೆಂಬುದು ಈ ಲೇಖಕನ ಅಭಿಪ್ರಾಯ.

ಬಾನ್ ಸ್ಕಾಟ್

ಮೇಳಕ್ಕೆ ಹಿಮ್ಮೇಳ ದೊರೆಯಿತು, ಮುಮ್ಮೇಳ ದೊರೆಯಿತು. ಕಂಠ ಮಾತ್ರ ಒಪ್ಪಲಿಲ್ಲ. ಮೊದಲ ಗಾಯಕ ಡೇವ್ ಇವಾನ್ಸ್ 1974ರಲ್ಲಿ ಹೊರಬಿದ್ದ. ಅವನ ಸ್ಥಾನಕ್ಕೆ ಬಂದವನು ಬಾನ್ ಸ್ಕಾಟ್. ಇವನೂ ಸ್ಕಾಟ್ಲೆಂಡಿನ ಕೂಸೇ. 1946ರಲ್ಲಿ ಹುಟ್ಟಿ, 1952ರಲ್ಲಿ ತಂದೆತಾಯಿಗಳೊಡನೆ ಆಸ್ಟ್ರೇಲಿಯಕ್ಕೆ ಬಂದವನು. ನಿಜವಾದ ಹೆಸರು ರೊನಾಲ್ಡ್. ಹೊಸ ಊರಿನ ಶಾಲೆಯಲ್ಲಿ ಅದೇ ಹೆಸರಿನ ಇನ್ನೊಬ್ಬನಿದ್ದುದರಿಂದ ಸಹಪಾಠಿಗಳು ಇವನನ್ನು ‘ಬಾನಿ ಸ್ಕಾಟ್ಲೆಂಡ್’ ಎಂದು ಕರೆದರು; ಅದೇ ಮೊಟಕಾಗಿ ಬಾನ್ ಆಯಿತು. ಮಾತಿನ ರಾಗದಿಂದಲೇ ಪರಸ್ಥಳದವನೆಂದು ಗುರುತಿಸಲ್ಪಟ್ಟು ಅಡ್ಡಹೆಸರು ಪಡೆದವರು ನಮ್ಮಲ್ಲಿಯೂ ಕಡಿಮೆಯಿಲ್ಲ. ಬಾನ್ ಆ ಅಡ್ಡಹೆಸರನ್ನೇ ಬಾವುಟ ಮಾಡಿಕೊಂಡ.

ಅವನು ಸಿಗಡಿ ಹಿಡಿಯುವ ದೋಣಿಗಳಲ್ಲಿ ದುಡಿದಿದ್ದ, ಗೊಬ್ಬರದ ಕಾರ್ಖಾನೆಯಲ್ಲಿ ಹೇರು ಎತ್ತಿದ್ದ, ಎರಡು ಮೂರು ಮೇಳಗಳಲ್ಲಿ ಹಾಡಿ ಸೋತಿದ್ದ. 1974ರಲ್ಲಿ ಮೋಟಾರ್ ಸೈಕಲ್ಲಿನ ಅಪಘಾತದಲ್ಲಿ ಸಾವಿನ ಬಾಗಿಲನ್ನು ಕಂಡು ಬಂದಿದ್ದ. ಆಗ ಅವನಿಗೆ ಇಪ್ಪತ್ತೆಂಟು. ಯಂಗ್ ಸಹೋದರರಿಗೆ ಇವನು ಮುದುಕನೆನಿಸಿದ. ಇವನಿಗೆ ಅವರು ಹಸುಳೆಗಳೆನಿಸಿದರು. ಆದರೂ ಜೊತೆ ಕೂಡಿತು. ಬಾನ್‌ನ ಕಂಠದಲ್ಲಿ ಮರಳು ಉಜ್ಜಿದಂಥ ಒರಟುತನದೊಡನೆ ಕಣ್ಣು ಮಿಟುಕಿಸುವ ನಗೆಯೂ ಇತ್ತು. ಕೂಲಿ ಕೊಡದ ಯಜಮಾನ, ಮೋಸ ಹೋದ ಹಾಡುಗಾರ, ಕಂದಾಯಕ್ಕೆ ಹಣವಿಲ್ಲದ ಕೋಣೆ, ಹೆದ್ದಾರಿಯ ನಿದ್ದೆಗೆಟ್ಟ ರಾತ್ರಿ, ಇವು ಅವನ ಹಾಡುಗಳ ಸಾಮಗ್ರಿ. ಅಶ್ಲೀಲವೂ ಉಂಟು, ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

1975ರ ಕೊನೆಯಲ್ಲಿ ಅವರು ಮುದ್ರಿಸಿದ ಒಂದು ಹಾಡು, ‘ಇಟ್ಸ್ ಎ ಲಾಂಗ್ ವೇ ಟು ದಿ ಟಾಪ್’, ಸಂಗೀತಗಾರನ ವೃತ್ತಿಯ ಕಷ್ಟಗಳ ಪಟ್ಟಿಯಂತಿದೆ. ಅದಕ್ಕೆ ಸ್ಕಾಟ್ಲೆಂಡಿನ ಚರ್ಮದ ಚೀಲದ ಊದುವಾದ್ಯ ಬೇಕೆಂದು ಜಾರ್ಜ್‌ಗೆ ತೋರಿತು. ಬಾನ್ ಚಿಕ್ಕಂದಿನಲ್ಲಿ ಫ್ರೀಮ್ಯಾಂಟಲ್ ಊರಿನ ಅಂಥ ಮೇಳವೊಂದರಲ್ಲಿದ್ದನಷ್ಟೆ, ಅವನೇ ಊದಲಿ ಎಂದರು. ಆದರೆ ಅವನು ಅಲ್ಲಿ ಬಾರಿಸುತ್ತಿದ್ದುದು ಡೋಲು! ವಾದ್ಯವನ್ನು ಕೊಂಡು ತಂದು, ಹಾಡಿಗೆ ಬೇಕಾದಷ್ಟನ್ನು ಹೇಗೋ ಕಲಿತು ಊದಿದ. 1976ರ ಫೆಬ್ರವರಿ 23ರಂದು ಮೆಲ್ಬರ್ನ್ ನಗರದ ಸ್ವಾನ್‌ಸ್ಟನ್ ಬೀದಿಯಲ್ಲಿ ತೆರೆದ ಲಾರಿಯ ಮೇಲೆ ನಿಂತು ಮೇಳದವರು ಆ ಹಾಡನ್ನು ನುಡಿಸುತ್ತ ಸಾಗಿದರು. ದೂರದರ್ಶನಕ್ಕಾಗಿ ಅದನ್ನು ಚಿತ್ರಿಸಿದರು. ಕಚೇರಿಗೆ ಹೋಗುವವರು, ಅಂಗಡಿಗೆ ಬಂದವರು ಬೆರಗಾಗಿ ನಿಂತು ನೋಡುವುದನ್ನು ಆ ಚಿತ್ರದಲ್ಲಿ ಈಗಲೂ ಕಾಣಬಹುದು. ಮೇಳ ಲೋಕಪ್ರಸಿದ್ಧವಾದ ಮೇಲೆ, 2004ರಲ್ಲಿ, ಅದೇ ನಗರಸಭೆ ಒಂದು ಓಣಿಗೆ ಏಸಿ-ಡೀಸಿಯ ಹೆಸರಿಟ್ಟಿತು.

1976ರಲ್ಲಿಯೇ ಅವರು ಲಂಡನ್ನಿಗೆ ನಡೆದರು. ಹ್ಯಾಮರ್‌ಸ್ಮಿತ್ತಿನ ರೆಡ್ ಕೌ ಎಂಬ ಪಾನಗೃಹದಿಂದ ಆರಂಭಿಸಿ ಸಿಕ್ಕಿದಲ್ಲೆಲ್ಲ ನುಡಿಸಿದರು. ಅಮೆರಿಕದ ಧ್ವನಿಮುದ್ರಣ ಕಂಪೆನಿ ಇವರ ಒಂದು ಸಂಪುಟವನ್ನು ತಳ್ಳಿಹಾಕಿ, 1981ರವರೆಗೆ ಅಲ್ಲಿ ಹೊರತರಲೇ ಇಲ್ಲ. ವರ್ಷಕ್ಕೊಂದು ಸಂಪುಟ, ಮಿಕ್ಕ ದಿನಗಳೆಲ್ಲ ಬಸ್ಸಿನಲ್ಲಿ. ಹೀಗೆ ನಾಲ್ಕು ವರ್ಷ. 1979ರಲ್ಲಿ ಬಂದ ‘ಹೈವೇ ಟು ಹೆಲ್’ ಅಮೆರಿಕದ ಮೊದಲ ಇಪ್ಪತ್ತರೊಳಗೆ ಸೇರಿತು. ಹೆಸರು ಕೇಳಿ ಇವರು ಸೈತಾನನ ಭಕ್ತರೆಂದು ಅಲ್ಲಿನ ಧರ್ಮಭೀರುಗಳು ಕೂಗಾಡಿದರು. ಆಂಗಸ್ ಹೇಳಿದಂತೆ ಅದು ವರ್ಷಾನುಗಟ್ಟಲೆ ಬಸ್ಸಿನಲ್ಲಿ ತಿರುಗುವ ಪಾಡಿಗೆ ಕೊಟ್ಟ ಹೆಸರು.

ತೆರವಾದ ಸ್ಥಾನ

ಬಾಗಿಲು ತೆರೆದಿತ್ತು. 1980ರ ಫೆಬ್ರವರಿಯಲ್ಲಿ ಮುಂದಿನ ಸಂಪುಟಕ್ಕಾಗಿ ಸಹೋದರರಿಬ್ಬರೂ ಸ್ವರ ಜೋಡಿಸುತ್ತಿದ್ದರು. ಬಾನ್ ಒಂದು ದಿನ ಬಂದು, ಹಾಡುವ ಬದಲು ಡ್ರಮ್ಮಿನ ಮುಂದೆ ಕುಳಿತು ತಾಳ ಹಾಕಿಕೊಟ್ಟು ಹೋದ. ಸಾಹಿತ್ಯವನ್ನು ಆಮೇಲೆ ಬರೆಯುವುದೆಂದಾಗಿತ್ತು. ಫೆಬ್ರವರಿ 18ರ ರಾತ್ರಿ ಲಂಡನ್ನಿನಲ್ಲಿ ಪರಿಚಿತನೊಬ್ಬನೊಡನೆ ಕುಡಿದು, ಕಾರಿನಲ್ಲಿಯೇ ನಿದ್ದೆಹೋದ. ಎಬ್ಬಿಸಲಾಗದೆ ಕಾರಿನಲ್ಲಿಯೇ ಬಿಟ್ಟರು. ಮರುದಿನ ಸಂಜೆ ನೋಡುವಾಗ ಪ್ರಾಣವಿರಲಿಲ್ಲ. ಅವನಿಗೆ ಮೂವತ್ತಮೂರು ವರ್ಷ. ಅತಿಯಾದ ಮದ್ಯದ ವಿಷವೇ ಕಾರಣವೆಂದು ವಿಚಾರಣಾಧಿಕಾರಿ ತೀರ್ಪಿತ್ತ.

ಪತ್ರಿಕೆಗಳ ಬಾಯಿಂದ ತಿಳಿಯುವ ಮೊದಲೇ ಬಾನ್‌ನ ತಂದೆತಾಯಿಗಳಿಗೆ ಸುದ್ದಿ ಮುಟ್ಟಿಸಬೇಕೆಂದು ಮಾಲ್ಕಮ್ ತಾನೇ ದೂರವಾಣಿಯಲ್ಲಿ ಮಾತನಾಡಿದ. ಈ ಕೆಲಸವನ್ನು ಎಂದಾದರೂ ಮಾಡಬೇಕಾಗಿ ಬಂದವರಿಗೆ ಅದರ ಭಾರ ಗೊತ್ತು. ಫ್ರೀಮ್ಯಾಂಟಲಿನಲ್ಲಿ ಅಂತ್ಯಕ್ರಿಯೆಯಾಯಿತು. ಮೇಳವನ್ನು ಮುಚ್ಚುವುದೇ ಸರಿಯೆಂದು ಸಹೋದರರಿಗೆ ತೋರಿತ್ತು. ಬಾನ್‌ನ ತಂದೆಯೇ ಅವರನ್ನು ಕರೆದು, ನೀವು ಇನ್ನೂ ಚಿಕ್ಕವರು, ಬೇರೊಬ್ಬನನ್ನು ಹುಡುಕಿಕೊಂಡು ಮುಂದುವರಿಯಿರಿ ಎಂದು ಹೇಳಿದನಂತೆ. ಮಗನ ಅಂತ್ಯಕ್ರಿಯೆಯ ದಿನ ತಂದೆಯೊಬ್ಬ ಮಗನ ಸ್ಥಾನವನ್ನು ತಾನಾಗಿ ಬಿಟ್ಟುಕೊಟ್ಟನೆಂದರೆ ಅದು ಸಣ್ಣ ಮನಸ್ಸಿನವರಿಂದ ಆಗುವ ಮಾತಲ್ಲ.

ಬೇರೊಬ್ಬನೆಂದರೆ ಯಾರು? ಇಂಗ್ಲೆಂಡಿನ ಈಶಾನ್ಯದ ಡನ್‌ಸ್ಟನ್ ಊರಿನ ಬ್ರಯನ್ ಜಾನ್ಸನ್ ಎಂಬವನು ಜಾರ್ಡಿ ಎಂಬ ಮೇಳದಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿ, ಅದು ಮುರಿದ ಮೇಲೆ ತಂದೆತಾಯಿಗಳ ಮನೆಗೆ ಮರಳಿ, ಕಾರುಗಳಿಗೆ ಪ್ಲಾಸ್ಟಿಕ್ಕಿನ ಮೇಲ್ಹೊದಿಕೆ ಹಾಕುವ ಕಸುಬನ್ನು ನಡೆಸುತ್ತಿದ್ದ. ವಯಸ್ಸು ಮೂವತ್ತೆರಡು. ಬಾನ್ ಹಿಂದೊಮ್ಮೆ ಈತನ ಹಾಡುಗಾರಿಕೆಯನ್ನು ಕಂಡು ಮೆಚ್ಚಿ ಗೆಳೆಯರಲ್ಲಿ ಹೇಳಿದ್ದುಂಟು. ವೇದಿಕೆಯ ಮೇಲೆ ಬಿದ್ದು ಹೊರಳಾಡುತ್ತ ಕಿರುಚಿದ ಗಾಯಕನನ್ನು ಬಾನ್ ಕೊಂಡಾಡಿದ; ಅಂದು ತನಗೆ ನಿಜವಾಗಿ ಹೊಟ್ಟೆನೋವು, ಅಪೆಂಡಿಕ್ಸಿನ ಬಾಧೆ ಎಂದು ಜಾನ್ಸನ್ ಆಮೇಲೆ ಹೇಳಿಕೊಂಡಿದ್ದಾನೆ! ಅಂತೂ ಲಂಡನ್ನಿನಿಂದ ಕರೆ ಬಂದಾಗ, ಅದೇ ಊರಿನಲ್ಲಿ ಕಸ ಗುಡಿಸುವ ಯಂತ್ರದ ಜಾಹೀರಾತೊಂದಕ್ಕೆ ಹಾಡುವ ಕೆಲಸವೂ ಇದ್ದುದರಿಂದ ಎರಡೂ ಕೂಡಿಬಂತೆಂದು ಹೊರಟ. ಕೆಲಸ ಸಿಕ್ಕಿತು.

ಅದೇ ವಸಂತದಲ್ಲಿ ಬಹಾಮಾ ದ್ವೀಪದ ನಸ್ಸಾವಿನಲ್ಲಿ ‘ಬ್ಯಾಕ್ ಇನ್ ಬ್ಲ್ಯಾಕ್’ ಸಂಪುಟದ ಮುದ್ರಣ ನಡೆಯಿತು. ಅಗಲಿದವನಿಗೆ ಗಂಟೆ ಬಾರಿಸಬೇಕು, ಗಂಟೆಯ ಸದ್ದಿನಿಂದಲೇ ಸಂಪುಟ ಆರಂಭವಾಗಬೇಕು ಎಂದು ಮೇಳದವರ ಅಪೇಕ್ಷೆ. ಇಂಗ್ಲೆಂಡಿನ ಲಫ್‌ಬರೋ ಊರಿನ ಗೋಪುರದ ಗಂಟೆಯನ್ನು ಮುದ್ರಿಸಹೋದರೆ, ಪ್ರತಿ ಪೆಟ್ಟಿಗೂ ಅಲ್ಲಿ ಗೂಡು ಕಟ್ಟಿದ ಹಕ್ಕಿಗಳು ಪಟಪಟನೆ ಹಾರಿ ಕೆಲಸ ಕೆಟ್ಟಿತು. ಕೊನೆಗೆ ಅದೇ ಊರಿನ ಗಂಟೆ ಎರಕದ ಕಾರ್ಖಾನೆಯಲ್ಲಿ ಮೇಳಕ್ಕೆಂದೇ ತಯಾರಾಗುತ್ತಿದ್ದ, ಒಂದು ಟನ್ನು ತೂಕದ ಗಂಟೆಯನ್ನು ಅಲ್ಲಿಯೇ ಬಾರಿಸಿ ಧ್ವನಿ ಹಿಡಿದರು. ಸಂಪುಟದ ಹೊದಿಕೆ ಪೂರ್ತಿ ಕಪ್ಪು. 1980ರ ಜುಲೈ 25ರಂದು ಅದು ಹೊರಬಿದ್ದಿತು. ಅಮೆರಿಕವೊಂದರಲ್ಲಿಯೇ ಎರಡೂವರೆ ಕೋಟಿಗೂ ಮಿಕ್ಕಿ, ಲೋಕದಲ್ಲೆಲ್ಲ ಸೇರಿ ಸುಮಾರು ಐದು ಕೋಟಿ ಪ್ರತಿಗಳು ಖರ್ಚಾದವೆಂದು ಲೆಕ್ಕ. ಸೂತಕದ ಕಪ್ಪನ್ನು ಹೊದ್ದು ಬಂದ ಸಂಪುಟ ಲೋಕದಲ್ಲಿ ಅತಿ ಹೆಚ್ಚು ಮಾರಾಟವಾದ ಕೆಲವೇ ಸಂಪುಟಗಳಲ್ಲಿ ಒಂದಾಯಿತು.

ಜಾನ್ಸನ್ ಬಾನ್‌ನನ್ನು ಅನುಕರಿಸಲಿಲ್ಲ. ಬೆವರು ಕಣ್ಣಿಗಿಳಿಯದಿರಲೆಂದು ಸೋದರ ಕೊಟ್ಟ ಚಪ್ಪಟೆ ಟೋಪಿಯನ್ನು ಹಾಕಿಕೊಂಡು, ತನ್ನ ಕೀರಲು ಕಂಠದಲ್ಲಿ ತನ್ನಂತೆಯೇ ಹಾಡಿದ. ಬದಲಿಯಾಗಿ ಬಂದವನು ಹಿಂದಿನವನ ನಡಿಗೆಯನ್ನು ನಡೆಯಹೋದರೆ ಎಡವುತ್ತಾನೆಂಬುದನ್ನು ಆತ ಅರಿತಿದ್ದ.

ಅದೇ ಅಡಿಗೆ, ಅದೇ ರುಚಿ

1981ರ ಸಂಪುಟ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಅನಂತರ ಇಳಿಗಾಲ, ಹಲವು ಸಂಪುಟಗಳು ಬಂದವು, ಹೋದವು. 1983ರಲ್ಲಿ ಡ್ರಮ್ಮಿನ ಫಿಲ್ ರಡ್ ಹೊರಹೋಗಿ, ಹನ್ನೊಂದು ವರ್ಷದ ಮೇಲೆ ಮರಳಿದ. 1988ರಲ್ಲಿ ಮಾಲ್ಕಮ್ ಕುಡಿತದ ಚಟವನ್ನು ಬಿಡುವುದಕ್ಕಾಗಿ ರಜೆ ಹಾಕಿದ. ಅವನ ಪಾಳಿಗೆ ಅಣ್ಣನ ಮಗ ಸ್ಟೀವಿ ಯಂಗ್ ಬಂದು ನಿಂತ. ಮುಖಲಕ್ಷಣ ಹೋಲುತ್ತಿದ್ದುದರಿಂದ ಸಭಿಕರಲ್ಲಿ ಎಷ್ಟೋ ಮಂದಿಗೆ ವ್ಯತ್ಯಾಸವೇ ತಿಳಿಯಲಿಲ್ಲವಂತೆ. ಮಾಲ್ಕಮ್ ಗುಣವಾಗಿ ಬಂದ. 1990ರ ‘ರೇಜರ್ಸ್ ಎಡ್ಜ್’ ಮತ್ತು ಅದರೊಳಗಿನ ‘ಥಂಡರ್‌ಸ್ಟ್ರಕ್’ ಹಾಡಿನಿಂದ ಮೇಳ ಮತ್ತೆ ಎದ್ದು ನಿಂತಿತು.

ಆ ಸಂಚಾರದಲ್ಲಿಯೇ ಒಂದು ಅನಾಹುತ. 1991ರ ಜನವರಿ 18ರಂದು ಅಮೆರಿಕದ ಸಾಲ್ಟ್ ಲೇಕ್ ನಗರದಲ್ಲಿ ಜನರು ವೇದಿಕೆಯತ್ತ ನುಗ್ಗಿ, ಕಾಲ್ತುಳಿತದಲ್ಲಿ ಎಳೆಯ ವಯಸ್ಸಿನ ಮೂವರು ಸತ್ತರು. ಅದೇ ವರ್ಷದ ಸೆಪ್ಟೆಂಬರ್ 28ರಂದು, ಮಾಸ್ಕೋದಲ್ಲಿ ಸರಕಾರವನ್ನುರುಳಿಸುವ ಯತ್ನ ವಿಫಲವಾದ ಒಂದು ತಿಂಗಳಿಗೆ, ಆ ನಗರದ ತುಶಿನೊ ವಿಮಾನನಿಲ್ದಾಣದ ಬಯಲಿನಲ್ಲಿ ಲಕ್ಷಗಟ್ಟಲೆ ರಷ್ಯನ್ ತರುಣರ ಮುಂದೆ ಇವರು ಪುಕ್ಕಟೆಯಾಗಿ ನುಡಿಸಿದರು. ಸೋವಿಯತ್ ಒಕ್ಕೂಟ ಮೂರು ತಿಂಗಳೊಳಗೆ ಇಲ್ಲವಾಯಿತು.

ಒಂದೇ ಬಗೆಯ ಹಾಡನ್ನು ಎಷ್ಟು ಬಾರಿ ಹಾಡುವಿರಿ ಎಂಬುದು ವಿಮರ್ಶಕರ ನಿತ್ಯದ ದೂರು. ನಾವು ಹನ್ನೊಂದು ಸಂಪುಟಗಳನ್ನು ಒಂದೇ ತರಹ ಮಾಡಿದ್ದೇವೆಂಬ ಆರೋಪ ಸುಳ್ಳು, ಹನ್ನೆರಡನ್ನು ಮಾಡಿದ್ದೇವೆ ಎಂಬರ್ಥದ ಆಂಗಸ್‌ನ ಮರುಮಾತು ಪ್ರಸಿದ್ಧವಾಗಿದೆ. ಮಾಟುಂಗದಲ್ಲಿಯೋ ಫೋರ್ಟಿನಲ್ಲಿಯೋ ಮೂವತ್ತು ವರ್ಷದಿಂದ ಒಂದೇ ಹೋಟೆಲಿಗೆ ಬರುವ ಗಿರಾಕಿ ಸಾಂಬಾರಿನ ರುಚಿ ಬದಲಾಯಿತೆಂದು ತಗಾದೆ ತೆಗೆದಾನೇ ಹೊರತು, ಬದಲಾಗಲಿಲ್ಲವೆಂದು ತೆಗೆಯಲಾರ. ನಿತ್ಯವೂ ಒಂದೇ ರುಚಿಯನ್ನು ತರುವುದಕ್ಕೆ ಎಷ್ಟು ಎಚ್ಚರ ಬೇಕೆಂಬುದನ್ನು ಭಟ್ಟರನ್ನು ಕೇಳಬೇಕು.

ಮರೆವು

2008ರ ‘ಬ್ಲ್ಯಾಕ್ ಐಸ್’ ಸಂಪುಟದ ಕಾಲಕ್ಕೆ ಮಾಲ್ಕಮ್‌ನಲ್ಲಿ ಏನೋ ವ್ಯತ್ಯಾಸ ಕಂಡಿತು. ಎಲ್ಲವನ್ನೂ ಕ್ರಮವಾಗಿ ಬರೆದಿಟ್ಟು ನಡೆಸುತ್ತಿದ್ದವನಿಗೆ ಜೋಡಣೆ ತಪ್ಪತೊಡಗಿತು. ಸಂಪುಟ 29 ದೇಶಗಳಲ್ಲಿ ಮೊದಲ ಸ್ಥಾನಕ್ಕೇರಿ, ಲೋಕಸಂಚಾರ ಆರಂಭವಾದಾಗ ವಿಷಯ ಸ್ಪಷ್ಟವಾಯಿತು: ಅದು ಬುದ್ಧಿಮಾಂದ್ಯ ತರುವ ಮರೆವಿನ ರೋಗ. ಮೂವತ್ತೈದು ವರ್ಷ ನುಡಿಸಿದ ಹಾಡುಗಳು, ತಾನೇ ಕಟ್ಟಿದ ಹಾಡುಗಳು, ಕೈಯಿಂದ ಜಾರಿಹೋಗುತ್ತಿದ್ದವು. ಅವನು ರಂಗ ಬಿಡಲಿಲ್ಲ. ಪ್ರದರ್ಶನಕ್ಕೆ ಮುಂಚೆ ಕುಳಿತು, ತನ್ನ ಹಾಡುಗಳನ್ನೇ ಶಿಷ್ಯನಂತೆ ಮತ್ತೆ ಅಭ್ಯಾಸ ಮಾಡಿ, ರಾತ್ರಿ ಹತ್ತಾರು ಸಾವಿರ ಜನರ ಮುಂದೆ ನಿಲ್ಲುತ್ತಿದ್ದ. ಕೆಲವು ದಿನ ಸುಲಲಿತ, ಕೆಲವು ದಿನ ಕಷ್ಟ. ಮುಂದೆ ಕುಣಿಯುವ ತಮ್ಮನ ಕಿವಿ ಹಿಂದೆ ಅಣ್ಣನ ಗಿಟಾರಿನ ಮೇಲೆಯೇ ಇದ್ದಿರಬೇಕು. ಈ ಎರಡು ವರ್ಷ ಯಾವ ಪ್ರೇಕ್ಷಕನಿಗೂ ಸುಳಿವು ಸಿಗಲಿಲ್ಲ. 2010ರ ಜೂನ್ 28ರಂದು ಸ್ಪೇನಿನ ಬಿಲ್ಬಾವೊದಲ್ಲಿ ಅವನು ಕೊನೆಯ ಬಾರಿ ನುಡಿಸಿದ.

2014ರಲ್ಲಿ ಅವನ ನಿವೃತ್ತಿಯನ್ನು ಪ್ರಕಟಿಸಿದರು. 1988ರಲ್ಲಿ ಬದಲಿಯಾಗಿ ಬಂದಿದ್ದ ಸ್ಟೀವಿ ಈಗ ಕಾಯಂ ಆದ. ಆಂಗಸ್‌ಗೆ ಇವನು ಅಣ್ಣನ ಮಗನಾದರೂ ವಯಸ್ಸಿನಲ್ಲಿ ಅಂತರ ಎರಡು ವರ್ಷಕ್ಕಿಂತ ಕಡಿಮೆ. ಮೇಳಕ್ಕೆ ಗ್ರಹಚಾರ ಅಷ್ಟಕ್ಕೇ ಮುಗಿಯಲಿಲ್ಲ. ಫಿಲ್ ರಡ್ ನ್ಯೂಜಿಲೆಂಡಿನಲ್ಲಿ ಪೋಲೀಸರ ಕೈಗೆ ಸಿಕ್ಕಿ ಗೃಹಬಂಧನದ ಶಿಕ್ಷೆಗೊಳಗಾದ. 2016ರ ಮಾರ್ಚಿನಲ್ಲಿ ವೈದ್ಯರು ಜಾನ್ಸನ್‌ಗೆ, ಹಾಡುವುದನ್ನು ಕೂಡಲೇ ನಿಲ್ಲಿಸದಿದ್ದರೆ ಪೂರ್ತಿ ಕಿವುಡನಾಗುವೆಯೆಂದು ಎಚ್ಚರಿಕೆಯಿತ್ತರು. ಒಪ್ಪಿಕೊಂಡ ಪ್ರದರ್ಶನಗಳಿಗಾಗಿ ಗನ್ಸ್ ಎನ್ ರೋಸಸ್ ಮೇಳದ ಆಕ್ಸಲ್ ರೋಸ್‌ನನ್ನು ಕರೆತಂದರು. ಅವನ ಕಾಲು ಮುರಿದಿತ್ತು. ಲಿಸ್ಬನ್ನಿನಲ್ಲಿ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತೇ ಹಾಡಿದ. ಹಳಬರು ಹಲವರು ಟಿಕೆಟ್ಟಿನ ಹಣ ಹಿಂದಕ್ಕೆ ಕೇಳಿದರು. ಆ ವರ್ಷ ಮಂದ್ರ ಗಿಟಾರಿನ ಕ್ಲಿಫ್ ವಿಲಿಯಮ್ಸ್ ಕೂಡ ನಿವೃತ್ತನಾದ. ಹಳೆಯ ಮೇಳದಲ್ಲಿ ಉಳಿದವನು ಚಡ್ಡಿಯ ಹುಡುಗನೊಬ್ಬನೇ.

2017ರ ಅಕ್ಟೋಬರ್ 22ರಂದು ಅಣ್ಣ ಜಾರ್ಜ್ ತೀರಿಕೊಂಡ. ನವೆಂಬರ್ 18ರಂದು ಮಾಲ್ಕಮ್, ಅವನಿಗೆ ಅರುವತ್ತನಾಲ್ಕು. ಸಿಡ್ನಿಯ ಸೇಂಟ್ ಮೇರಿ ಪ್ರಧಾನ ಚರ್ಚಿನಿಂದ ಶವಯಾತ್ರೆ ಹೊರಟಾಗ ಆಂಗಸ್ ಅಣ್ಣನ ಗಿಟಾರನ್ನು ಕೈಯಲ್ಲಿ ಹಿಡಿದುಕೊಂಡು ಬಂದ.

ಅಣ್ಣ ಬಿಟ್ಟುಹೋದ ಸ್ವರಗುಚ್ಛಗಳು, ಅರ್ಧಂಬರ್ಧ ಹಾಡುಗಳು, ಪೆಟ್ಟಿಗೆ ತುಂಬ ಇದ್ದವು. ಆಂಗಸ್ ಅವನ್ನು ಹರಡಿಕೊಂಡು ಕುಳಿತ. ಜಾನ್ಸನ್‌ನ ಕಿವಿಗೆ ಹೊಸ ಬಗೆಯ ಉಪಕರಣ ಹೊಂದಿಕೊಂಡಿತು. ವಿಲಿಯಮ್ಸನೂ ರಡ್ಡನೂ ಮತ್ತೆ ಬಂದರು. 2020ರ ನವೆಂಬರಿನಲ್ಲಿ ‘ಪವರ್ ಅಪ್’ ಸಂಪುಟ ಹೊರಬಂದಾಗ, ಮೂರು ವರ್ಷದ ಹಿಂದೆ ಸತ್ತವನ ಹೆಸರು ಅದರ ಪ್ರತಿಯೊಂದು ಹಾಡಿನ ಕರ್ತೃಗಳಲ್ಲಿತ್ತು. ನುಡಿಸಿದವನು ಮಾತ್ರ ಸ್ಟೀವಿ.

2024ರಲ್ಲಿ ಯೂರೋಪು, 2025ರಲ್ಲಿ ಅಮೆರಿಕ, ಮತ್ತೆ ಯೂರೋಪು, ವರ್ಷದ ಕೊನೆಗೆ ಹುಟ್ಟಿದೂರಾದ ಆಸ್ಟ್ರೇಲಿಯ, ಹೀಗೆ ಸಂಚಾರ ನಡೆಯಿತು. ಡ್ರಮ್ಮಿಗೂ ಮಂದ್ರ ಗಿಟಾರಿಗೂ ಹೊಸಬರು. ಯಂಗ್ ಕುಟುಂಬ ವಿಲವುಡ್ಡಿನ ತಗಡಿನ ಬಿಡಾರದಿಂದ ಹೋಗಿ ನೆಲೆಸಿದ್ದ ಬರ್ವುಡ್ಡಿನ ಮನೆಯನ್ನು ಈಚೆಗೆ ಯಾರೋ ಕಟ್ಟಡದ ಗುತ್ತಿಗೆದಾರರು ಕೊಂಡು ಕೆಡವಿದ್ದಾರೆ. ಜಾನ್ಸನ್‌ನ ಕಂಠ ಮೊದಲಿನಂತಿಲ್ಲವೆಂದು ಕೇಳಿದವರು ಹೇಳುತ್ತಾರೆ. ಎಪ್ಪತ್ತೆಂಟರಲ್ಲಿ ಯಾರ ಕಂಠ ತಾನೆ ಮೊದಲಿನಂತಿದ್ದೀತು? ಗಂಟೆ ಮಾತ್ರ ಹಾಗೆಯೇ ಇಳಿದುಬರುತ್ತದೆ. ಹಿಂದೆ ಡ್ರಮ್ಮಿನ ಮಗ್ಗುಲಲ್ಲಿ ಸ್ಟೀವಿ ನಿಂತಿರುತ್ತಾನೆ. ಪಲ್ಲವಿ ಬಂದಾಗ ನಾಲ್ಕು ಹೆಜ್ಜೆ ಮುಂದೆ ಬಂದು ಧ್ವನಿಗೂಡಿಸಿ, ಮತ್ತೆ ಚಿಕ್ಕಪ್ಪ ನಿಲ್ಲುತ್ತಿದ್ದ ಸ್ಥಳಕ್ಕೆ ಸರಿಯುತ್ತಾನೆ.